ಉಮ್ಮ್ ಸಲಾಲ್‌ನಿಂದ 31: ಗಾಜಿನ ಕೋಣೆ ಯಾರಿಗೆ?

ಗಲ್ಫಿನಲ್ಲಿರುವ ನಮ್ಮ ದಕ್ಷಿಣ ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಊರ ಮನೆಯ ಕಡೆಗೇ ಹೋಗುತ್ತದೆ. ನಾನು ಕತಾರಿಗೆ ಬಂದ ಹೊಸದರಲ್ಲಿ ಎಲ್ಲರೂ ಹೊಸ ಮನೆ ಕಟ್ಟಿಸುವ ಉಮೇದಿನಲ್ಲಿದ್ದರು. ಹಂಚಿನ ಮನೆ ಕೆಡವಿ ಆರ್‌ಸಿಸಿ, ಮೇಲೊಂದು ಮಹಡಿ, ಮುಂದೆ ಎರಡು ದಪ್ಪ ಕಂಬ. ಆ ಮನೆಗಳಿಗೆಲ್ಲ ಈಗ ಹದಿನೈದು ಇಪ್ಪತ್ತು ವರ್ಷವಾಯಿತು. ಮಕ್ಕಳು ಬೆಂಗಳೂರಿಗೋ ಕೆನಡಾಕ್ಕೋ ಹೋದರು, ಮಹಡಿಯ ಕೋಣೆಯಲ್ಲಿ ಅಡಿಕೆ ಗೋಣಿ ತುಂಬಿದೆ, ಕೆಳಗೆ ವಯಸ್ಸಾದವರು ಇಬ್ಬರೋ ಒಬ್ಬರೋ ಇದ್ದಾರೆ. ಆದರೂ ಮನೆಗೆ ಏನಾದರೂ ಸೇರಿಸುವ ಆಸೆ ನಮಗೆ ಹೋಗಿಲ್ಲ. ಈಗಿನ ಆಸೆಯ ಹೆಸರು ಗ್ಲಾಸ್ ರೂಮ್.

ಬ್ರಿಟನ್ನಿನವರು ಇದನ್ನು ಕನ್ಸರ್ವೇಟರಿ ಅನ್ನುತ್ತಾರೆ. ಮನೆಯ ಗೋಡೆಗೆ ಅಂಟಿಕೊಂಡು ಗಾಜಿನ ಗೋಡೆ, ಗಾಜಿನ ಮಾಡು, ಒಳಗೆ ಬೆತ್ತದ ಕುರ್ಚಿ, ನಾಲ್ಕು ಗಿಡ, ಕೈಯಲ್ಲಿ ಚಹಾ. ಇಲ್ಲಿ ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದ ಗೆಳತಿಯೊಬ್ಬಳು ಎನ್‌ಎಚ್‌ಎಸ್‌ಗೆ ಸೇರಿ ಅಲ್ಲಿ ಮನೆ ಕೊಂಡಳು, ಮನೆಯ ಹಿಂದೆ ಅದೊಂದು ಇತ್ತು. ಅವಳು ಹಾಕಿದ ಫೋಟೋ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಬಂತು. ಬೆಂಗಳೂರಿನ ತಮ್ಮ ಅಲ್ಲಿಂದ ಶುರು ಮಾಡಿದ. ಪುತ್ತೂರು ಕಡೆಯ ನಮ್ಮ ಮನೆಯ ಪಡು ಬದಿಗೆ ಅಂಥದ್ದೊಂದು ಕಟ್ಟಿಸಬೇಕು, ಅಮ್ಮ ಅಲ್ಲಿ ಕೂತು ಅಂಗಳ ನೋಡಬಹುದು, ನಾವು ಬಂದಾಗ ಎಲ್ಲರೂ ಸೇರಬಹುದು. ದುಡ್ಡು ಹೆಚ್ಚು ಭಾಗ ನನ್ನದು, ಹಾಗಾಗಿ ಪ್ರಶ್ನೆ ನನಗೆ: "ಅಕ್ಕ, ಯಾವ ಸ್ಟೈಲ್ ಬೇಕು ಹೇಳು, ವಿಕ್ಟೋರಿಯನ್ನಾ, ಎಡ್ವರ್ಡಿಯನ್ನಾ, ಲೀನ್-ಟುವಾ?"

ಹೆಸರು ಕೇಳಿ ಹೆದರಬೇಡಿ. ವಿಕ್ಟೋರಿಯನ್ ಅಂದರೆ ಮುಂಭಾಗ ಅರ್ಧ ದುಂಡಗೆ ಮೂಲೆ ಮೂಲೆಯಾಗಿ ಮುರಿದು, ಮಾಡಿನ ತುದಿಗೆ ಕಬ್ಬಿಣದ ಹೂವಿನ ಕೆಲಸ ಇರುವಂಥದ್ದು. ಎಡ್ವರ್ಡಿಯನ್ ಅಂದರೆ ಚೌಕ ಕೋಣೆ, ಎಲ್ಲ ಬದಿಗೂ ಇಳಿಯುವ ಮಾಡು, ಸಾಮಾನು ಇಡಲು ಜಾಗ ಜಾಸ್ತಿ. ಲೀನ್-ಟು ಅಂದರೆ ಗೋಡೆಗೆ ಒರಗಿದ ಒಂದೇ ಇಳಿಜಾರು. ನಮ್ಮಲ್ಲಿ ಹಟ್ಟಿಯ ಪಕ್ಕ ಕಟ್ಟಿಗೆ ಇಡಲು ಮಾಡು ಇಳಿಸುತ್ತೇವಲ್ಲ, ಅದೇ. ಅದಕ್ಕೆ ಇಂಗ್ಲಿಷ್ ಹೆಸರಿಟ್ಟರೆ ಚದರಡಿಗೆ ರೇಟು ಏರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಿದ್ದೇ ಸರಿಯಲ್ಲ. ನಾನು ವರ್ಷಕ್ಕೆ ಮೂವತ್ತು ದಿನ ಆ ಮನೆಯಲ್ಲಿರುವವಳು, ಅದೂ ಹೆಚ್ಚಿನ ಸಲ ಡಿಸೆಂಬರಿನಲ್ಲಿ. ತಮ್ಮ ಬರುವುದು ದೀಪಾವಳಿಗೆ, ಕ್ರಿಸ್‌ಮಸ್ ರಜೆಗೆ. ಕರಾವಳಿಯ ಹವೆ ಅತ್ಯಂತ ಚೆನ್ನಾಗಿರುವ ದಿನಗಳು ಅವು. ಬೆಳಿಗ್ಗೆ ಸಣ್ಣ ಚಳಿ, ಒಣ ಗಾಳಿ, ನೀಲಿ ಆಕಾಶ. ಆಗ ಅಂಗಳದಲ್ಲಿ ಗಾಜಿನ ಪೆಟ್ಟಿಗೆ ಇಟ್ಟರೂ ಕೂರಬಹುದು. ಗಲ್ಫಿನವರ, ಬೆಂಗಳೂರಿನವರ ಮನೆ ಪ್ಲಾನುಗಳೆಲ್ಲ ಡಿಸೆಂಬರಿನಲ್ಲಿ ಹುಟ್ಟುತ್ತವೆ. ಏಪ್ರಿಲ್ ಸೆಕೆಯಲ್ಲಿ, ಜುಲೈ ಮಳೆಯಲ್ಲಿ ಅವುಗಳ ಜೊತೆ ಬದುಕುವವರು ಬೇರೆ.

ಈ ಗಾಜಿನ ಮನೆ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡಿ. ಯುರೋಪಿನ ಶ್ರೀಮಂತರು ಕಿತ್ತಳೆ, ನಿಂಬೆ ಗಿಡಗಳನ್ನು ಹಿಮದ ಕಾಲದಲ್ಲಿ ಉಳಿಸಿಕೊಳ್ಳಲು ಕಟ್ಟಿದ ಕೋಣೆಗಳು ಇದರ ಮೂಲ. ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೆರಿಗೆ ಇತ್ತು, ಅದನ್ನು 1845ರಲ್ಲಿ ತೆಗೆದರು. ಲಂಡನ್ನಿನ ಕ್ಯೂ ತೋಟದ ತಾಳೆ ಮನೆ 1848ಕ್ಕೆ ಮುಗಿಯಿತು, 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ನಿಲ್ಲಿಸಿದ. ಅಂದರೆ ಚಳಿ ದೇಶದವರು ನಮ್ಮಂಥ ಊರಿನ ಸೆಕೆಯನ್ನು ಗಾಜಿನೊಳಗೆ ಕೂಡಿಹಾಕಿ, ನಮ್ಮಂಥ ಊರಿನ ಗಿಡಗಳನ್ನು ಅದರೊಳಗೆ ಸಾಕಿದರು. ಆ ಸೆಕೆ ನಮಗೆ ಅಂಗಳದಲ್ಲಿ ಬಿಟ್ಟಿ ಸಿಗುತ್ತದೆ. ಅವರು ಗಾಜಿನೊಳಗೆ ಜೋಪಾನ ಮಾಡುವ ತಾಳೆ ಜಾತಿಯ ಮರ ನಮ್ಮಲ್ಲಿ ಹೊರಗೆ ನಿಂತು ತಲೆ ಮೇಲೆ ತೆಂಗಿನಕಾಯಿ ಬೀಳಿಸುತ್ತದೆ.

"ಹಾಗಾದರೆ ಲಾಲ್‌ಬಾಗಿನ ಗಾಜಿನ ಮನೆ?" ಅಂತ ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆಯೇ. 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ್ದು. ಆಗ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ಎರಕದ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ನೋಡಲು ಚೆಂದ, ನನಗೂ ಇಷ್ಟ. ಆದರೆ ಅದು ಹೂವಿನ ಪ್ರದರ್ಶನಕ್ಕೆ ಕಟ್ಟಿದ್ದು. ಜನ ಜನವರಿಯಲ್ಲಿ, ಆಗಸ್ಟಿನಲ್ಲಿ ಹೋಗಿ ಒಂದು ಗಂಟೆ ಸುತ್ತಿ ಬರುತ್ತಾರೆ. ಅಲ್ಲಿ ಯಾರೂ ಮಧ್ಯಾಹ್ನ ಊಟ ಮಾಡಿ ಮಲಗುವುದಿಲ್ಲ. ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪುತ್ತೂರಿನ ಏಪ್ರಿಲ್ ಅಲ್ಲಿ ಬರುವುದಿಲ್ಲ.

ಈಗ ಬಿಸಿಲಿನ ಲೆಕ್ಕ. ಲಂಡನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ನಡುಹಗಲಲ್ಲೂ ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲೆ ಬಂದರೆ ಹೆಚ್ಚು. ಅಂಥ ಕಡೆ ಓರೆಯಾಗಿ ಬರುವ ಬಿಸಿಲನ್ನು ಗಾಜಿನಿಂದ ಹಿಡಿದಿಡುವುದು ಬುದ್ಧಿವಂತಿಕೆ. ನಮ್ಮೂರು 13 ಡಿಗ್ರಿಯ ಹತ್ತಿರ. ಏಪ್ರಿಲ್ ಕೊನೆಯ ವಾರ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ಆಗಸ್ಟ್ ಮೂರನೇ ವಾರದಲ್ಲಿ ಮತ್ತೊಮ್ಮೆ. ಹತ್ತಡಿಗೆ ಹನ್ನೆರಡಡಿಯ ಗಾಜಿನ ಮಾಡು ಅಂದರೆ ಹನ್ನೊಂದು ಚದರ ಮೀಟರ್. ನೆತ್ತಿಯ ಬಿಸಿಲು ಚದರ ಮೀಟರಿಗೆ ಸುಮಾರು 1,000 ವಾಟ್, ಮಾಮೂಲಿ ಗಾಜು ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಒಳಗೆ ಬಿಡುತ್ತದೆ. ಗುಣಿಸಿದರೆ ಒಂಬತ್ತು ಕಿಲೋವಾಟ್ ಹತ್ತಿರ. ಒಂದು ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಒಂಬತ್ತನ್ನು ಆನ್ ಮಾಡಿ ಅಮ್ಮನ ಕುರ್ಚಿಯ ಸುತ್ತ ಇಟ್ಟ ಹಾಗೆ. ಒಳಗೆ ಬಂದ ಬಿಸಿಲು ನೆಲಕ್ಕೆ, ಗೋಡೆಗೆ ತಾಗಿ ಶಾಖವಾಗುತ್ತದೆ. ಆ ಶಾಖ ಬಂದ ದಾರಿಯಲ್ಲೇ ಗಾಜಿನ ಮೂಲಕ ಹೊರಗೆ ಹೋಗುವುದಿಲ್ಲ.

"ಎಸಿ ಹಾಕೋಣ" ಅನ್ನುತ್ತಾನೆ ತಮ್ಮ. ಒಂದೂವರೆ ಟನ್ನಿನ ಎಸಿ ಹೊರಹಾಕುವ ಶಾಖ ಐದು ಕಿಲೋವಾಟ್ ಚಿಲ್ಲರೆ. ಒಂಬತ್ತು ಇಸ್ತ್ರಿಪೆಟ್ಟಿಗೆಗೆ ಅದು ಸಾಲದು. ಶಾಖ ತಡೆಯುವ ಗಾಜು ಈಗ ಸಿಗುತ್ತದೆ, ಒಪ್ಪುತ್ತೇನೆ, ಅರ್ಧಕ್ಕೂ ಕಡಿಮೆ ಮಾಡುವಂಥದ್ದೂ ಇದೆ. ಆಗಲೂ ನಾಲ್ಕು ಪೆಟ್ಟಿಗೆ ಉಳಿದವು. ಅಂಥ ಎಸಿ ಗಂಟೆಗೆ ಒಂದೂವರೆ ಯುನಿಟ್ ಹತ್ತಿರ ತಿನ್ನುತ್ತದೆ. ದಿನಕ್ಕೆ ಐದು ಗಂಟೆ ಓಡಿಸಿದರೆ ತಿಂಗಳಿಗೆ ಅದೊಂದೇ ಇನ್ನೂರು ಯುನಿಟ್ ದಾಟಿತು. ಗೃಹಜ್ಯೋತಿಯಲ್ಲಿ ಇನ್ನೂರು ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು ಅನ್ನುವುದು ಬೆಂಗಳೂರಿನಲ್ಲಿರುವ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಿಲ್ ಬಿಡಿ, ಕರೆಂಟ್ ಇರಬೇಕಲ್ಲ. ಮೊದಲ ಮಳೆಗೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಆ ದಿನ ಕತೆ ಮುಗಿಯಿತು.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನು ಒಂದೇ ಮಾತು ಹೇಳಿದ: "ನಮ್ಮಲ್ಲಿ ಗ್ಲಾಸ್ ರೂಮ್ ಆಗಲೇ ಇದೆಯಲ್ಲ, ಅಡಿಕೆ ಒಣಗಿಸುವುದು." ನಿಜ. ಅಡಿಕೆ ಬೆಳೆಗಾರರಿಗೆ ಗೊತ್ತು, ಕಂಬ ನೆಟ್ಟು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಎಳೆದು ಕಟ್ಟುವ ಸೋಲಾರ್ ಗೂಡು. ಮೋಡದ ದಿನವೂ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ, ಮಳೆಗೆ ಹೆದರಬೇಕಿಲ್ಲ, ಅಡಿಕೆ ಚೆನ್ನಾಗಿ ಒಣಗುತ್ತದೆ. ಬಿಸಿಲಿರುವ ದಿನ ಅಡಿಕೆ ಮಗುಚಲು ಒಳಗೆ ಹೋದವರು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ, ಅಂಗಿ ಹಿಂಡಬೇಕು. ಹೆಸರು ಎಡ್ವರ್ಡಿಯನ್ ಅಂತ ಇಟ್ಟರೂ ಕೆಲಸ ಅದೇ ಮಾಡುವುದು.

ಇಲ್ಲಿ ಕತಾರಿನಲ್ಲಿ ಗಾಜಿನ ಕೋಣೆಗಳು ಬೇಕಾದಷ್ಟಿವೆ, ಸೆಕೆ ನಮ್ಮೂರಿಗಿಂತ ಹೆಚ್ಚು, ಅವರು ಇರುವುದಿಲ್ಲವೇ ಅಂತ ಕೇಳಬಹುದು. ಉಮ್ಮ್ ಸಲಾಲ್‌ನಲ್ಲಿ ನಾನು ನಡೆದು ಹೋಗುವ ಬೀದಿಯಲ್ಲೇ ಎರಡು ವಿಲ್ಲಾಗಳ ಕಾಂಪೌಂಡಿನೊಳಗೆ ಗಾಜಿನ ಮಜ್ಲಿಸ್ ಕಾಣುತ್ತದೆ. ಮಜ್ಲಿಸ್ ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆ, ನಮ್ಮ ಚಾವಡಿ ಇದ್ದ ಹಾಗೆ. ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ರಾತ್ರಿ ದೀಪ, ಕಹ್ವಾ, ಮಾತು. ಮೇ ತಿಂಗಳಿಗೆ ದಪ್ಪ ಪರದೆ ಎಳೆದರೆ ಸೆಪ್ಟೆಂಬರಿನವರೆಗೆ ಅಲ್ಲಿ ಯಾರೂ ಕೂತದ್ದನ್ನು ನಾನು ನೋಡಿಲ್ಲ. ಇಲ್ಲಿನ ಪ್ರಜೆಗಳಿಗೆ ಮನೆಯ ಕರೆಂಟಿಗೆ ಬಿಲ್ ಇಲ್ಲ ಅನ್ನುವುದನ್ನೂ ನೆನಪಿಡಿ. ಕರೆಂಟು ಬಿಟ್ಟಿ ಇದ್ದವರೇ ಬೇಸಿಗೆಯಲ್ಲಿ ಪರದೆ ಎಳೆಯುತ್ತಾರೆ ಅಂದ ಮೇಲೆ ನಮ್ಮದೇನು?

ಕರೆಂಟೇ ಇಲ್ಲದ ಕಾಲದಲ್ಲಿ ಇವರು ಏನು ಕಟ್ಟಿದ್ದರು ನೋಡಬೇಕಿದ್ದರೆ ಉಮ್ಮ್ ಸಲಾಲ್ ಮೊಹಮ್ಮದ್‌ನಲ್ಲಿ ಬರ್ಜಾನ್ ಗೋಪುರಗಳಿವೆ. ಶೇಖ್ ಮೊಹಮ್ಮದ್ ಬಿನ್ ಜಾಸಿಮ್ ಅಲ್ ಥಾನಿ ಕಾಲದವು. ಮುತ್ತು ತೆಗೆಯುವ ದೋಣಿಗಳ ಮೇಲೆ ಕಣ್ಣಿಡಲು, ಚಂದ್ರದರ್ಶನಕ್ಕೆ ಬಳಸುತ್ತಿದ್ದರಂತೆ. ಹವಳದ ಕಲ್ಲು, ಸುಣ್ಣದ ಕಲ್ಲು, ಮಣ್ಣಿನ ಗಾರೆ, ಸುಮಾರು ಒಂದು ಮೀಟರ್ ದಪ್ಪದ ಗೋಡೆ, ಸಣ್ಣ ಸಣ್ಣ ಕಿಂಡಿ. ಹಳೆಯ ಅರಬ್ ಮನೆಗಳಲ್ಲಿ ಅಂಗಳದ ಸುತ್ತ ಕಂಬಗಳ ಜಗಲಿ ಇರುತ್ತದೆ, ಅದನ್ನು ಲಿವಾನ್ ಅನ್ನುತ್ತಾರೆ. ನೆರಳು ಮೇಲಿಂದ, ಗಾಳಿ ಬದಿಯಿಂದ, ಬೆಳಕು ಅಂಗಳದಿಂದ. ಇದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ಅಜ್ಜಿಮನೆಯ ಜಗಲಿ ಹೊಸದಾಗಿ ಅರ್ಥವಾಯಿತು. ಸಮುದ್ರದ ಎರಡು ದಂಡೆಯವರೂ ಬಿಸಿಲಿಗೆ ಒಂದೇ ಉತ್ತರ ಕೊಟ್ಟಿದ್ದರು. ಮಳೆ ಮಾತ್ರ ಬೇರೆ. ದೋಹಾಕ್ಕೆ ಇಡೀ ವರ್ಷ ಬೀಳುವುದು ಎಂಬತ್ತು ಮಿಲಿಮೀಟರಿನ ಒಳಗೆ, ನಮ್ಮ ಕಡೆ ಮೂರೂವರೆ ಸಾವಿರದ ಮೇಲೆ. ಹಾಗಾಗಿ ಅವರ ಮಾಡು ಚಪ್ಪಟೆ, ನಮ್ಮದು ಇಳಿಜಾರು.

ತಮ್ಮನ ವಾದದಲ್ಲಿ ಆರೋಗ್ಯದ ಮಾತೂ ಒಂದಿತ್ತು. "ಅಮ್ಮನಿಗೆ ವಿಟಮಿನ್ ಡಿ ಕಡಿಮೆ ಅಂತ ರಿಪೋರ್ಟಿನಲ್ಲಿ ಬಂದಿದೆ, ಗಾಜಿನ ಕೋಣೆಯಲ್ಲಿ ಕೂತರೆ ಬಿಸಿಲು ಸಿಗುತ್ತದೆ." ಇದನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಚರ್ಮ ವಿಟಮಿನ್ ಡಿ ತಯಾರಿಸುವುದು ಬಿಸಿಲಿನ ಯುವಿ-ಬಿ ಕಿರಣದಿಂದ. ಮಾಮೂಲಿ ಕಿಟಕಿ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಚರ್ಮ ಕಪ್ಪಾಗಿಸುವ, ಸುಕ್ಕು ಮಾಡುವ ಯುವಿ-ಎ ಕಿರಣದ ದೊಡ್ಡ ಪಾಲು ಒಳಗೆ ಬರುತ್ತದೆ. ಶಾಖವಂತೂ ಬರುತ್ತದೆ. ಅಂದರೆ ಗಾಜಿನ ಹಿಂದೆ ದಿನವಿಡೀ ಕೂತರೂ ಸೆಕೆ ಸಿಗುತ್ತದೆ, ವಿಟಮಿನ್ ಸಿಗುವುದಿಲ್ಲ. ಅಮ್ಮ ಬೆಳಗ್ಗೆ ತುಳಸಿಕಟ್ಟೆ ಹತ್ತಿರ ನಿಂತು ಕೈಕಾಲಿಗೆ ಬಿಸಿಲು ತಾಗಿಸಿಕೊಂಡರೆ ಅದಕ್ಕಿಂತ ಹೆಚ್ಚು ಉಪಯೋಗ, ಡಾಕ್ಟರ್ ಬರೆದ ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಇನ್ನೂ ಹೆಚ್ಚು.

ಇನ್ನು ಸೆಕೆ ವಯಸ್ಸಾದವರಿಗೆ ಏನು ಮಾಡುತ್ತದೆ ಅನ್ನುವುದು. ಅಮ್ಮನಿಗೆ 76. ಈ ವಯಸ್ಸಿನಲ್ಲಿ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಬೆವರುವುದೂ ಕಡಿಮೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ಮೂಲಕ ನೀರು ಹೊರಗೆ ಹಾಕುತ್ತವೆ. ಸೆಕೆಯಿಂದ ತೊಂದರೆ ಆಗುತ್ತಿದೆ ಅನ್ನುವುದಕ್ಕೆ ವಯಸ್ಸಾದವರಲ್ಲಿ ಮೊದಲು ಕಾಣುವುದು "ಅಬ್ಬ ಸೆಕೆ" ಅನ್ನುವ ಮಾತೇ ಆಗಬೇಕಿಲ್ಲ. ಮಂಪರು, ತಲೆತಿರುಗು, ಕೇಳಿದ್ದಕ್ಕೆ ಏನೋ ಒಂದು ಉತ್ತರ, ಎದ್ದು ನಿಂತರೆ ಓಲಾಡುವುದು. ಮನೆಯವರು "ಮಧ್ಯಾಹ್ನದ ನಿದ್ದೆ" ಅಂದುಕೊಳ್ಳುತ್ತಾರೆ. ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, 2021ರಲ್ಲಿ ಬಂದ ನಿಯಮ. ಅದರಲ್ಲಿ ಇನ್ನೊಂದು ಅಂಶವೂ ಇದೆ: ವೆಟ್ ಬಲ್ಬ್ ಗ್ಲೋಬ್ ತಾಪಮಾನ ಅನ್ನುವ ಅಳತೆ 32.1 ದಾಟಿದರೆ ಯಾವ ಹೊತ್ತಿನಲ್ಲೇ ಆಗಲಿ ಕೆಲಸ ನಿಲ್ಲಿಸಬೇಕು. ಆ ಅಳತೆಯಲ್ಲಿ ಬರೀ ಬಿಸಿ ಲೆಕ್ಕಕ್ಕೆ ಬರುವುದಿಲ್ಲ, ಗಾಳಿಯ ತೇವ, ಬೀಸುವ ಗಾಳಿ, ಬಿಸಿಲಿನ ಶಾಖ ಎಲ್ಲ ಸೇರುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೆ ಮಾಡಿದ ಮಿತಿ ಅದು. ಕರಾವಳಿಯ ಮೇ ತಿಂಗಳ ತೇವದಲ್ಲಿ, ಗಾಳಿಯಾಡದ ಗಾಜಿನ ಕೋಣೆಯಲ್ಲಿ, ಬಿಪಿ ಮಾತ್ರೆ ತಿನ್ನುವ ಅಮ್ಮನನ್ನು ಕೂರಿಸುವ ಯೋಚನೆಗೆ ನನ್ನ ಎಂಟು ತಿಂಗಳ ಉಳಿತಾಯ ಹಾಕಲಾರೆ.

ಆದರೆ ತಮ್ಮನನ್ನು ಪೂರ್ತಿ ತಳ್ಳಿಹಾಕುವುದೂ ನ್ಯಾಯವಲ್ಲ. ಗಾಜಿನ ಕೋಣೆಯ ಆಸೆಯ ಕೆಳಗೆ ಒಂದು ಸರಿಯಾದ ಆಸೆ ಇದೆ, ಬೆಳಕಿನದ್ದು. ನಮ್ಮ ಹಳೆ ಮನೆಗಳು ತಂಪು ಹೌದು, ಒಳಗೆ ಕತ್ತಲೆಯೂ ಹೌದು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಹೆಂಗಸರು ಆಯುಷ್ಯ ಕಳೆದರು. ಅದನ್ನು ಪರಂಪರೆ ಅಂತ ಹೊಗಳುವವರ ಗುಂಪಿಗೆ ನಾನು ಸೇರುವುದಿಲ್ಲ. ವಯಸ್ಸಾದವರಿಗೆ ಹಗಲು ಬೆಳಕು ಕಾಣುವುದು ಮುಖ್ಯ. ಆಸ್ಪತ್ರೆಯಲ್ಲಿ ವಯಸ್ಸಾದ ರೋಗಿಗಳಿಗೆ ಹಗಲು ರಾತ್ರಿಯ ಲೆಕ್ಕ ತಪ್ಪಿ ಗೊಂದಲ ಶುರುವಾಗುವುದನ್ನು ತಡೆಯಲು ನಾವು ಮಾಡುವ ಕೆಲಸಗಳಲ್ಲಿ ಕಿಟಕಿಯ ಪರದೆ ಸರಿಸುವುದೂ ಒಂದು. ಗೇಟು ತೆಗೆದು ಯಾರು ಬಂದರು, ಅಂಚೆಯವನೋ, ಮೀನಿನವನೋ, ಪಕ್ಕದ ಮನೆಯ ಹುಡುಗಿಯೋ, ಇದನ್ನು ಕೂತಲ್ಲಿಂದ ನೋಡುವುದು ಅಮ್ಮನಿಗೆ ಟಿವಿಗಿಂತ ದೊಡ್ಡದು. ಆ ಬೆಳಕು, ಆ ನೋಟ ಕೊಡೋಣ. ಅದಕ್ಕೆ ಗಾಜು ಬೇಕಾಗಿರುವುದು ಕಣ್ಣಿನ ಎದುರಿಗೆ, ನೆತ್ತಿಯ ಮೇಲಲ್ಲ.

ಈ ಚರ್ಚೆಯಲ್ಲಿ ಮೂರು ವಾರ ಅತ್ತಿಗೆಯ ಮಾತೇ ಕೇಳಿಸಲಿಲ್ಲ, ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಫೋನ್ ಮಾಡಿ "ಅತ್ತಿಗೇ, ನಿಮಗೆ ಏನು ಬೇಕು?" ಅಂದೆ. ಅವರು ನಗುತ್ತಾ, "ಅದನ್ನು ಉಜ್ಜುವವರು ಯಾರು ಅಂತ ಮೊದಲು ಹೇಳು ಮಾರಾಯ್ತಿ" ಅಂದರು. ಮಳೆಗಾಲದಲ್ಲಿ ಗಾಜಿಗಾಗಲಿ ಫೈಬರ್ ಶೀಟಿಗಾಗಲಿ ತಿಂಗಳೊಳಗೆ ಹಸಿರು ಪಾಚಿ ಹತ್ತುತ್ತದೆ, ಮಾಡಿನ ಮೇಲೆ ಹತ್ತುವವರು ಬೇಕು. ಪಡು ಬದಿಗೆ ಎರಡು ತೆಂಗಿನ ಮರ ಇವೆ, ಮಡಲು ಬೀಳುತ್ತದೆ, ಕಾಯಿ ಬೀಳುತ್ತದೆ. ಮಂಗಗಳು ಇವೆ. ಟಫನ್ಡ್ ಗಾಜು ಒಡೆದರೆ ಚೂರುಚೂರಾಗಿ ಕೆಳಗೆ ಕೂತವರ ಮೇಲೆ ಉದುರುತ್ತದೆ. ನೆತ್ತಿಯ ಮೇಲೆ ಹಾಕಲೇಬೇಕಿದ್ದರೆ ಒಡೆದರೂ ನಡುವಿನ ಪದರಕ್ಕೆ ಅಂಟಿಕೊಳ್ಳುವ ಲ್ಯಾಮಿನೇಟೆಡ್ ಗಾಜು ಬೇಕು. ತಮ್ಮನಿಗೆ ಬಂದ ಕೊಟೇಶನ್ನಿನಲ್ಲಿ ಆ ಶಬ್ದವೇ ಇರಲಿಲ್ಲ. ಅತ್ತಿಗೆ ಕೇಳಿದ್ದು ಇಷ್ಟೇ: ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒಂದು ಬದಿ ಜಾಗ, ಸೊಳ್ಳೆ ಬಾರದ ಬಲೆ, ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗುವಾಗ ದಾಟಬೇಕಾದ ಹೊಸ್ತಿಲು ಇಲ್ಲದಿರುವುದು. ನನ್ನ ಹದಿನೇಳು ವರ್ಷದ ನರ್ಸಿಂಗ್‌ಗೆ ಹೊಳೆಯಬೇಕಾದ ಪಟ್ಟಿಯನ್ನು ಅವರು ಒಲೆಯ ಮುಂದೆ ನಿಂತು ಒಂದು ನಿಮಿಷದಲ್ಲಿ ಹೇಳಿದರು.

ಈಗ ನಾವು ಒಪ್ಪಿಕೊಂಡಿರುವ ಪ್ಲಾನ್ ಹೇಳುತ್ತೇನೆ, ಇದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಬಹುದು. ಲೀನ್-ಟು ಸ್ಟೈಲೇ, ಅಂದರೆ ಇಳಿಸಿದ ಮಾಡು. ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ನಂತರ ಅದು ಹಡಗು ಹತ್ತಿ ಎಲ್ಲೆಲ್ಲೋ ಹೋಯಿತು. ನಾವು ಮಾತ್ರ ಅದನ್ನು ಇಳಿಸಿ ಶೀಟ್ ಹಾಕಿದೆವು. ಹಂಚುಗಳ ನಡುವಿನ ಸಂದಿನಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಮಳೆಯ ಸದ್ದೂ ಶೀಟಿನ ಹಾಗೆ ಕಿವಿ ಒಡೆಯುವುದಿಲ್ಲ, ಕಾಯಿ ಬಿದ್ದು ನಾಲ್ಕು ಹಂಚು ಒಡೆದರೆ ನಾಲ್ಕೇ ಹಂಚು ಬದಲಿಸಿದರೆ ಸಾಕು. ನಡುವೆ ಅಲ್ಲಲ್ಲಿ ಗಾಜಿನ ಹಂಚು, ಒಟ್ಟು ಆರು. ಹಳೆ ಮನೆಗಳ ಅಡುಗೆಕೋಣೆಯಲ್ಲಿ ಒಂದೋ ಎರಡೋ ಇರುತ್ತಿತ್ತು, ಮಧ್ಯಾಹ್ನ ನೆಲದ ಮೇಲೆ ಬಿಸಿಲಿನ ಚೌಕ ಬಿದ್ದು ಮೆಲ್ಲನೆ ಸರಿಯುತ್ತಿತ್ತು. ನಮಗೆ ಬೇಕಾದ ಕನ್ಸರ್ವೇಟರಿ ಅಷ್ಟು ಸಾಕು.

ಪಡು ಬದಿಗೆ ಮೂರಡಿ ಮುಂದೆ ಚಾಚಿದ ಮಾಡು, ಸಂಜೆ ಬಿಸಿಲಿಗೂ ಮಳೆಯ ಇರಿಚಲಿಗೂ. ಆ ಬದಿಗೆ ಸರಿಸುವ ಗಾಜಿನ ಕಿಟಕಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಮುಚ್ಚುವುದು, ಉಳಿದ ತಿಂಗಳು ಪೂರ್ತಿ ತೆಗೆದಿಡುವುದು. ಮೊದಲೆಲ್ಲ ಮಳೆಗಾಲಕ್ಕೆ ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಆ ಕೆಲಸಕ್ಕೆ ಗಾಜು. ಬಡಗು ಬದಿಗೆ ಮರದ ದಳಿ ಮತ್ತು ಸೊಳ್ಳೆ ಬಲೆ, ಅಲ್ಲಿ ಗಾಜು ಬೇಡ. ಕಿಟಕಿಯ ತಳ ನೆಲದಿಂದ ಎರಡೇ ಅಡಿ. ಇದಕ್ಕೆ ಮೇಸ್ತ್ರಿ ಒಪ್ಪಲಿಲ್ಲ, ಎಲ್ಲ ಕಡೆ ಮೂರಡಿ ಇಡುತ್ತೇವೆ ಅಂದ. ಮೂರಡಿ ನಿಂತು ನೋಡುವವರಿಗೆ ಸರಿ. ಮಂಚದಲ್ಲಿ ಒರಗಿದವರಿಗೆ ಮೂರಡಿಯ ಮೇಲಿನ ಕಿಟಕಿಯಲ್ಲಿ ಕಾಣುವುದು ಆಕಾಶ ಮಾತ್ರ, ಅಂಗಳ ಕಾಣುವುದಿಲ್ಲ. ಬಾಗಿಲು ಮೂರಡಿ ಅಗಲ, ಮುಂದೊಂದು ದಿನ ಗಾಲಿಕುರ್ಚಿ ಬಂದರೂ ಹೋಗಬೇಕು. ಚಾವಡಿಯ ನೆಲವೂ ಇದರ ನೆಲವೂ ಒಂದೇ ಮಟ್ಟ. ಹೊಳೆಯುವ ಟೈಲ್ಸ್ ಬೇಡ, ಒದ್ದೆಯಾದರೆ ಜಾರುತ್ತದೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಎಷ್ಟೋ ಜನ ಮೊದಲಿನ ಹಾಗೆ ಓಡಾಡುವುದಿಲ್ಲ, ಅದನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಗೋಡೆಗೂ ಹೊಸ ಮಾಡಿಗೂ ಸೇರುವ ಜಾಗದಲ್ಲಿ ಸೋರುವುದು ಖಾತ್ರಿ, ಅಲ್ಲಿ ತಗಡಿನ ಪಟ್ಟಿ ಗೋಡೆಯೊಳಗೆ ಕೊರೆದು ಕೂರಿಸಬೇಕು, ಬರೀ ಸಿಮೆಂಟು ಮೆತ್ತಿದರೆ ಎರಡು ಮಳೆಗಾಲ ಬಾಳುವುದಿಲ್ಲ. ದಂಬೆ ದೊಡ್ಡದಿರಲಿ.

ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳುತ್ತಿಲ್ಲ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನ ಎತ್ತರದ ಎಸ್ಟೇಟಿನಲ್ಲೋ ಮನೆ ಇರುವವರಿಗೆ ಗಾಜಿನ ಜಗಲಿ ಒಳ್ಳೆಯದೇ, ಅಲ್ಲಿ ಬೆಳಗಿನ ಚಳಿ, ತಿಂಗಳುಗಟ್ಟಲೆ ಮಂಜು. ಬ್ರಿಟನ್, ಐರ್ಲೆಂಡಿನಲ್ಲಿರುವ ನಮ್ಮವರ ಲೆಕ್ಕ ಬೇರೆ. ಆದರೆ ನನ್ನ ಗೆಳತಿಯನ್ನೇ ಕೇಳಿದೆ, ಅವಳ ಗಾಜಿನ ಕೋಣೆ ಜುಲೈಯಲ್ಲಿ ಕುದಿಯುತ್ತದೆ, ಜನವರಿಯಲ್ಲಿ ಹೆಪ್ಪುಗಟ್ಟುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಕೂರುತ್ತಾಳೆ, ಉಳಿದದ್ದು ಸೈಕಲ್ಲು ಮತ್ತು ಬಟ್ಟೆ ಸ್ಟ್ಯಾಂಡಿಗೆ. ಅಲ್ಲಿ ಈಗ ಗಾಜಿನ ಮಾಡು ತೆಗೆಸಿ ಗಟ್ಟಿ ಮಾಡು ಹಾಕಿಸಿಕೊಡುವುದೇ ಒಂದು ದೊಡ್ಡ ವ್ಯಾಪಾರವಂತೆ. ಅವಳೂ ಹಾಕಿಸುತ್ತಾಳಂತೆ. ಈ ಫೋಟೋ ಮಾತ್ರ ಕುಟುಂಬದ ಗ್ರೂಪಿಗೆ ಯಾರೂ ಹಾಕಿರಲಿಲ್ಲ, ನಾನು ಹಾಕಿದೆ. ತಮ್ಮ ಒಂದು ದಿನ ಏನೂ ಹೇಳಲಿಲ್ಲ. ಮರುದಿನ "ಪಡು ಬದಿಯ ಕಿಟಕಿಯಾದರೂ ಒಳ್ಳೆ ಗಾಜು ಹಾಕಿಸೋಣ ಅಕ್ಕ" ಅಂದ. ಅದು ಅವನ ಖರ್ಚು ಅಂತ ತೀರ್ಮಾನವಾಗಿದೆ.

ಪಂಚಾಯತಿಗೆ ಅರ್ಜಿ ಕೊಟ್ಟಾಗಿದೆ. ಪತ್ತನಾಜೆಗೆ ಮೊದಲು ಮಾಡು ಏರಬೇಕು, ಆಮೇಲೆ ಮಳೆ ಯಾವಾಗ ಬೇಕಾದರೂ ಬರಬಹುದು. ಕೆಡವಿದ ಮನೆಯೊಂದರಿಂದ ಮುನ್ನೂರೈವತ್ತು ಹಳೆ ಹಂಚು ಸಿಕ್ಕಿದೆ, ಪಕ್ಕಾಸು ರೀಪು ನಮ್ಮದೇ ಹಲಸಿನ ಮರದ್ದು. ಗಾಜಿನ ಹಂಚು ಮಾತ್ರ ಎರಡೇ ಸಿಕ್ಕಿರುವುದು. ಪುತ್ತೂರು, ಬಂಟ್ವಾಳ, ಸುಳ್ಯ ಕಡೆಯವರಲ್ಲಿ ಯಾರ ಅಟ್ಟದ ಮೇಲಾದರೂ ಹಳೆಯ ಗಾಜಿನ ಹಂಚು ನಾಲ್ಕು ಇದ್ದರೆ ದಯವಿಟ್ಟು ಹೇಳಿ, ಅಣ್ಣ ಬಂದು ತೆಗೆದುಕೊಂಡು ಹೋಗುತ್ತಾನೆ.